ಮಳೆ ಲೆಕ್ಕದ ಸ್ನೇಹಿತ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮುಂಗಾರಿನೊಂದಿಗೆ ಚುರುಕಾಗುವ ಒಂದು ಜಾತಿಯ ಮನುಷ್ಯನನ್ನು ಮಳೆ ಲೆಕ್ಕದ ಸ್ನೇಹಿತ ಎನ್ನಬಹುದು. ವಯಸ್ಸು ಐವತ್ತು ದಾಟಿರುತ್ತದೆ. ಅಡಿಕೆ ತೋಟ, ಒಂದಿಷ್ಟು ಕಾಫಿ, ಅಂಗಳದಲ್ಲೊಂದು ಮಳೆಮಾಪಕ. ಬೆಳಿಗ್ಗೆ 8.30ಕ್ಕೆ ಅಳೆದ ಮಳೆಯನ್ನು ಕೂಡಲೇ ವಾಟ್ಸಾಪ್ ಗ್ರೂಪಿಗೆ ಹಾಕದಿದ್ದರೆ ಈತನಿಗೆ ತಿಂಡಿ ಸೇರುವುದಿಲ್ಲ. ಹವಾಮಾನ ಇಲಾಖೆಯದು ಮಿಲಿಮೀಟರು, ಈತನದು ಇಂಚು. ಒಂದಿಂಚನ್ನು 25.4 ಮಿ.ಮೀ. ಎಂದರೆ ಅಂಕಿ ದೊಡ್ಡದಾಗಿ ಮಳೆ ಸಣ್ಣದಾಯಿತೆಂದು ಈತನಿಗೆ ಬೇಸರ.

ಗ್ರೂಪಿನಲ್ಲಿ ಅಂತಸ್ತು ನಿರ್ಧಾರವಾಗುವುದು ಮನೆ ಘಟ್ಟದ ಅಂಚಿಗೆ ಎಷ್ಟು ಹತ್ತಿರ ಎಂಬುದರ ಮೇಲೆ. ಮೂಡಲಿಗೆ ಸರಿದಂತೆ ಮಳೆ ಬೇಗಬೇಗ ಕಡಿಮೆಯಾಗುತ್ತದೆ. ಹಾಗಾಗಿ ಎನ್.ಆರ್.ಪುರದವನು ಎಷ್ಟೇ ಶ್ರದ್ಧೆಯಿಂದ ಅಳೆದರೂ ಕೊನೆಗೆ ‘ಗಾಳಿ ಮಾತ್ರ ವಿಪರೀತ’ ಎಂದು ಸೇರಿಸಬೇಕಾಗುತ್ತದೆ. ಶೃಂಗೇರಿ ಬಳಿಯ ಕಿಗ್ಗದವನಿಗೆ ಆ ಕಷ್ಟವಿಲ್ಲ. ಮಳೆ ತರುವ ಋಷ್ಯಶೃಂಗನೇ ಆತನ ಊರಿನಲ್ಲಿದ್ದಾನೆ. ಆಗುಂಬೆಯವರನ್ನಂತೂ ಸೇರಿಸಿಕೊಳ್ಳುವುದೇ ಇಲ್ಲ. ವರ್ಷಕ್ಕೆ ಸುಮಾರು 7000 ಮಿ.ಮೀ. ಸುರಿಸಿಕೊಳ್ಳುವವರ ಎದುರು ಬಾಯಿ ಬಿಟ್ಟು ಪ್ರಯೋಜನವೇನು?

ಜೋರು ಮಳೆ ಬಿದ್ದ ದಿನ ಮಾತ್ರ ವರದಿ ಬರುವುದಿಲ್ಲ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗಿರುತ್ತದೆ, ಹಿಂದೆಯೇ ಟವರೂ ಮಲಗಿರುತ್ತದೆ. ಆಮೇಲೆ ಮೂರು ದಿನದ ಲೆಕ್ಕ ಒಟ್ಟಿಗೆ ಬಂದರೆ ಯಾರೂ ನಂಬುವುದಿಲ್ಲ. ನಂಬದವರಲ್ಲೊಬ್ಬ ಬೈಕು ಹತ್ತಿ ನೋಡಿಯೇ ಬರಲು ಹೊರಡುತ್ತಾನೆ. ಫೋನಿನ ಪರಿಚಯ ಮುಖಾಮುಖಿಯಾಗುವುದು ಹೀಗೆ, ಸಂಶಯದಿಂದ.

ಬಂದವನು ಮೊದಲು ಮಾಪಕವನ್ನು ಸುತ್ತು ಹಾಕುತ್ತಾನೆ. ಮಾಡಿನ ನೀರು ಅದರೊಳಗೆ ಬೀಳುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಚಪ್ಪಲಿ ಬಿಡುವುದು. ಜಗುಲಿಯಲ್ಲಿ ಕಾಫಿಯೊಂದಿಗೆ ವಿಚಾರಣೆ ತಿರುಗುಮುರುಗಾಗುತ್ತದೆ: ತಾಯಿಮನೆ ಯಾವುದು, ಹೆಂಡತಿಯ ಕಡೆಯವರು ಎಲ್ಲಿಯವರು, ಆ ಮದುವೆಗೆ ಬಂದಿದ್ದರೇ? ಎರಡನೇ ಲೋಟ ಮುಗಿಯುವ ಮೊದಲು ಅತಿಥಿ ದೊಡ್ಡತ್ತೆಯ ಮೈದುನನ ಮಗನಾಗಿರುತ್ತಾನೆ. ‘ಅಯ್ಯೋ ಮಾರಾಯ್ರೆ, ನೀವು ನನಗೆ ಭಾವ ಆಗ್ಬೇಕಲ್ಲ!’ ಅಲ್ಲಿಗೆ ಸ್ನೇಹ ಮುಗಿದು ನೆಂಟಸ್ತಿಕೆ ಶುರು. ಗುಡ್ಡಕ್ಕೊಂದು ಮನೆಯಿರುವ ಸೀಮೆಯಲ್ಲಿ ಅಪರಿಚಿತರು ಸಿಗುವುದು ಫೋನಿನಲ್ಲಿ ಮಾತ್ರ. ಮನೆಗೆ ಬಂದರೆ ಆ ಭಾಗ್ಯವೂ ಇಲ್ಲ. ಇಂಥ ನಂಟುಗಳನ್ನು ಹಿಂದೆ ಬಸ್ಸಿನ ಕಂಡಕ್ಟರುಗಳೇ ಹುಡುಕಿಕೊಡುತ್ತಿದ್ದರು. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಆ ಹೊಣೆಯ ಬಹುಭಾಗ ವಾಟ್ಸಾಪಿನ ಪಾಲಿಗೆ ಬಂದಿದೆ.

ಹೆಂಗಸರ ಗ್ರೂಪು ಇದಕ್ಕಿಂತ ಉಪಯೋಗದ್ದು. ಅಲ್ಲಿ ಓಡಾಡುವುದು ಡೇರೆ ಹೂವಿನ ಫೋಟೋ, ಭೇಟಿಯಾದರೆ ಗೆಡ್ಡೆಯೇ ಕೈಗೆ ಬರುತ್ತದೆ.

ಮಳೆ ಹಿಂದೆ ಸರಿದ ಮೇಲೆ ಮಾಪಕ ಅಟ್ಟ ಸೇರುತ್ತದೆ, ಈತ ರಾಶಿ, ಬೆಟ್ಟೆ ಅಡಿಕೆಗಳ ಧಾರಣೆ ಹಾಕತೊಡಗುತ್ತಾನೆ. ಆ ಲೆಕ್ಕ ಪರೀಕ್ಷಿಸಲು ಯಾರೂ ಬರುವುದಿಲ್ಲ. ಬಂದರೂ, ಭಾವನೇ ಆದರೂ, ಅಡಿಕೆ ಎಷ್ಟು ಮೂಟೆ ಇದೆ ಎಂದು ಈತ ತೋರಿಸುವವನಲ್ಲ.