ಟೈ, ಗುದ್ದಲಿ ಮತ್ತು ಒಂದು ನಾಯಿ

ಟಿವಿಯಲ್ಲಿ ತೋಟಗಾರಿಕೆ ಹೇಳಿಕೊಡುವವರ ಯೋಗ್ಯತೆ ಅಳೆಯಬೇಕೆ? ಮಾತು ಕೇಳಬೇಡಿ, ಉಗುರು ನೋಡಿ. ಸಂದಿಯಲ್ಲಿ ಮಣ್ಣಿಲ್ಲದವರು ಸಗಣಿ ಗೊಬ್ಬರದ ಗುಣಗಾನ ಎಷ್ಟೇ ಸೊಗಸಾಗಿ ಮಾಡಲಿ, ನಾನಂತೂ ನಂಬುವುದಿಲ್ಲ.

ಈ ವಿದ್ಯೆಯಲ್ಲಿ ಬ್ರಿಟಿಷರದು ಪಳಗಿದ ಕೈ. ಬಿಬಿಸಿಯ ‘ಗಾರ್ಡನರ್ಸ್ ವರ್ಲ್ಡ್’ 1968ರಲ್ಲಿ ಶುರುವಾದದ್ದು ಇನ್ನೂ ನಡೆದೇ ಇದೆ. ಅದರ ಹಳೇ ಹುಲಿ ಪರ್ಸಿ ಥ್ರೋವರ್ ಟೈ ಕಟ್ಟಿಕೊಂಡೇ ಗುದ್ದಲಿ ಹಿಡಿಯುತ್ತಿದ್ದರು. ಪಾಪ, ಐಸಿಐ ಕಂಪನಿಯ ಜಾಹೀರಾತಿಗೆ ಒಪ್ಪಿಕೊಂಡದ್ದೇ ತಡ, 1976ರಲ್ಲಿ ಬಿಬಿಸಿ ಅವರನ್ನು ಕಳೆಯಂತೆ ಕಿತ್ತೆಸೆಯಿತು. ಆಮೇಲೆ ಬಂದ ಜೆಫ್ ಹ್ಯಾಮಿಲ್ಟನ್ ಜಿಪುಣರ ಪಾಲಿನ ದೇವರು. ಅಂಗಡಿಯಲ್ಲಿ ದುಬಾರಿಯಾದದ್ದನ್ನೆಲ್ಲ ಹಳೇ ಹಲಗೆ, ನಾಲ್ಕು ಮೊಳೆಯಲ್ಲಿ ಮನೆಯಲ್ಲೇ ಮಾಡಿ ತೋರಿಸುತ್ತಿದ್ದರು.

ನನ್ನ ವೋಟು ಮಾತ್ರ ಅದೇ ಕಾರ್ಯಕ್ರಮದ ನಿರೂಪಕ ಮಾಂಟಿ ಡಾನ್‌ಗೆ. ಓದಿದ್ದು ಇಂಗ್ಲಿಷ್ ಸಾಹಿತ್ಯ, ಮೊದಲು ಮಾಡಿದ್ದು ಆಭರಣದ ವ್ಯಾಪಾರ, ಅದರಲ್ಲಿ ಕೈ ಸುಟ್ಟುಕೊಂಡು ಮಣ್ಣಿಗೆ ಇಳಿದವರು. ತೋಟದ ಬಾಕ್ಸ್ ಗಿಡದ ಬೇಲಿಗೆ ರೋಗ ಬಡಿದಾಗ ಅದನ್ನೂ ಮುಚ್ಚಿಡಲಿಲ್ಲ, ಕ್ಯಾಮೆರಾ ಎದುರೇ ತೋರಿಸಿದರು. ಅಷ್ಟು ದೊಡ್ಡವರ ಗಿಡವೇ ಒಣಗಿದ್ದು ಕಂಡರೆ ನಮ್ಮ ಬಾಲ್ಕನಿಯ ತುಳಸಿಯ ದುಃಖ ಅರ್ಧ ಇಳಿಯುತ್ತದೆ, ಸುಳ್ಳೇಕೆ ಹೇಳಲಿ!

ಆದರೆ ಅವರ ಜನಪ್ರಿಯತೆಯಲ್ಲಿ ದೊಡ್ಡ ಪಾಲು ನೈಜಲ್ ಎಂಬ ಗೋಲ್ಡನ್ ರಿಟ್ರೀವರ್ ನಾಯಿಗೆ ಸೇರಬೇಕು. ಯಜಮಾನರು ಟ್ಯುಲಿಪ್ ಗೆಡ್ಡೆ ಎಷ್ಟು ಆಳಕ್ಕೆ ನೆಡಬೇಕೆಂದು ವಿವರಿಸುತ್ತಿದ್ದರೆ, ನೋಡುಗರ ಕಣ್ಣೆಲ್ಲ ನೈಜಲ್ ಬಾಯಲ್ಲಿದ್ದ ಟೆನಿಸ್ ಚೆಂಡಿನ ಮೇಲೆ.