ಸಭಾ ಕಾರ್ಯಕ್ರಮ ಮತ್ತು ನನ್ನ ಇನ್ಸುಲಿನ್

ಪುತ್ತೂರು, ಸುಳ್ಯ, ಕಡಬದ ಕಡೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟದ ಆಮಂತ್ರಣದಲ್ಲಿ ‘ರಾತ್ರಿ 8ಕ್ಕೆ ಸರಿಯಾಗಿ’ ಎಂದು ಅಚ್ಚಾಗಿರುತ್ತದೆ. ಅದನ್ನು ಊರಲ್ಲಿ ಯಾರೂ ನಂಬುವುದಿಲ್ಲ. ನಂಬುವುದು ನನ್ನ ಇನ್ಸುಲಿನ್ ಒಂದೇ. ಊಟಕ್ಕೆ ಮೊದಲು ಚುಚ್ಚಿದ್ದು ಕಾಲು ಗಂಟೆಯಲ್ಲಿ ಕೆಲಸಕ್ಕಿಳಿಯುತ್ತದೆ, ಒಂದೆರಡು ಗಂಟೆಯಲ್ಲಿ ಭರಕ್ಕೆ ಬರುತ್ತದೆ. ಸ್ವಾಗತ, ಪ್ರಸ್ತಾವನೆ, ಗಣ್ಯರಿಗೆ ಶಾಲು, ತೆಂಗಿನಕಾಯಿ ಒಡೆಯುವುದು, ಧನ್ಯವಾದ ಇವೆಲ್ಲ ಅದಕ್ಕೆ ತಿಳಿಯುವುದಿಲ್ಲ.

ಈಗ ಆಟ ಉಂಟಲ್ಲ ಎಂದು ಡೋಸ್ ಇಳಿಸಿ ಕುಚ್ಚಲಕ್ಕಿ ಗಂಜಿ ಉಂಡೆನೋ, ಎರಡನೇ ಅತಿಥಿ ಮೈಕ್ ಬಿಡುವಾಗ ಸಕ್ಕರೆ 300 ದಾಟಿರುತ್ತದೆ. ಭಾಷಣ ಇದ್ದೇ ಇರುತ್ತದೆ ಎಂದು ಪೂರ್ತಿ ಡೋಸ್ ಚುಚ್ಚಿದ ದಿನವೇ ಅತಿಥಿಗಳ ಕಾರು ಎಲ್ಲೋ ಘಾಟಿಯಲ್ಲಿ ಸಿಕ್ಕಿಬಿದ್ದು ಆಟ ಕೂಡಲೇ ಶುರು. ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ಮೇಲಿಂದ ಚುಚ್ಚಿದ್ದೂ ಸೇರಿದರೆ ಇಳಿತಕ್ಕೆ ಬ್ರೇಕ್ ಇಲ್ಲ. ನಾನು ತಂಡದ ಲಿಫ್ಟರ್. 70ಕ್ಕಿಂತ ಕೆಳಗಿಳಿದರೆ ಕೈ ನಡುಗಿ, ಅಟ್ಯಾಕರಿಗೆ ಎತ್ತಿದ ಚೆಂಡು ಅಂಪೈರರ ಮಡಿಲಿಗೆ ಹೋಗುತ್ತದೆ. ನೋಡುವವರಿಗೆ ಸಂಶಯ ಬರುವುದಿಲ್ಲ. ಏಪ್ರಿಲ್ ಸೆಕೆಗೆ ಎಲ್ಲರೂ ಬೆವರುತ್ತಾರೆ, ನಮ್ಮ ತಂಡ ಆಡುವುದೂ ಸಾಧಾರಣ ಹಾಗೆಯೇ.

ಆಗ ಗೆರೆಯ ಹೊರಗೆ ಬಂದು ಗ್ಲೂಕೋಸ್ ಪುಡಿ ಬಾಯಿಗೆ ಹಾಕಿದರೆ ಶುರುವಾಗುತ್ತದೆ ನಿಜವಾದ ಪಂದ್ಯ.

“ಶುಗರ್ ಉಂಟಲ್ವಾ ನಿಂಗೆ? ಅದನ್ನು ತಿನ್ನುವುದಾ ಮಾರಾಯ?” ಎಂದು ಪುಡಿಯ ಡಬ್ಬಿಗೇ ಕೈ ಹಾಕಿದರು ಒಬ್ಬ ಅಜ್ಜ. ಅವರ ಅಂಗಳದಲ್ಲಿ ಇನ್ಸುಲಿನ್ ಗಿಡ ಉಂಟಂತೆ. ದಿನಕ್ಕೆರಡು ಎಲೆ ಜಗಿದು ಸೂಜಿ ಬಿಸಾಡಬೇಕಂತೆ. ನನ್ನದು ಟೈಪ್ 1 ಮಧುಮೇಹ, ಅದರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಯನ್ನೇ ಹೆಚ್ಚುಕಡಿಮೆ ನಿಲ್ಲಿಸಿರುತ್ತದೆ, ಸೂಜಿ ಬಿಟ್ಟರೆ ಪ್ರಾಣಕ್ಕೇ ಕುತ್ತು ಎಂದೆ. ತಲೆಯಾಡಿಸಲಿಲ್ಲ. ಕೊನೆಗೆ ಬ್ರಹ್ಮಾಸ್ತ್ರ ತೆಗೆದೆ.

“ಅಜ್ಜ, ವಾಸಿಂ ಅಕ್ರಂಗೆ 1997ರಲ್ಲಿ ಇದೇ ಬಂದದ್ದು. ಸೂಜಿ ಹಾಕಿಕೊಂಡೇ 1999ರಲ್ಲಿ ಪಾಕಿಸ್ತಾನವನ್ನು ವಿಶ್ವಕಪ್ ಫೈನಲಿಗೆ ಕೊಂಡೋದ.”

“ಫೈನಲ್ ಸೋತ್ರಲ್ವಾ?” ಎಂದರು ಅಜ್ಜ.

ಪ್ರೀತಿ ಮಾಡುವವರು ಇನ್ನೂ ಅಪಾಯ. ಪುತ್ತೂರಲ್ಲಿ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ 1986ರಿಂದ ಇರುವ ಕಾರಣ, ನನ್ನ ತಲೆ ತಿರುಗಿತೆಂದರೆ ಗೆಳೆಯರ ಜೇಬಿನಿಂದ ಚಾಕಲೇಟೇ ಹೊರಬರುವುದು. ಊರಿನ ಅಭಿಮಾನ ಸರಿ, ಆದರೆ ಚಾಕಲೇಟಿನ ಕೊಬ್ಬು ಸಕ್ಕರೆಯನ್ನು ರಕ್ತಕ್ಕೆ ಬೇಗ ಬಿಡುವುದಿಲ್ಲ. ಅದು ಏರುವಷ್ಟರಲ್ಲಿ ಸೆಟ್ ಮುಗಿದಿರುತ್ತದೆ, ಕೆಲವೊಮ್ಮೆ ನಾನೂ. ಹಾಗೆ ನೋಡಿದರೆ ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುತ್ತಿದ್ದ ನಮ್ಮ ಹಿರಿಯರೇ ವಾಸಿ. ಹದಿನೈದು ಗ್ರಾಂ ಸಕ್ಕರೆ, ಹದಿನೈದು ನಿಮಿಷ ಬಿಟ್ಟು ಮತ್ತೆ ಬೆರಳಿಗೆ ಚುಚ್ಚು ಎನ್ನುವ ಡಾಕ್ಟರರ ಲೆಕ್ಕಕ್ಕೆ ಬೆಲ್ಲದ ತುಂಡು ಚೆನ್ನಾಗಿ ಕೂರುತ್ತದೆ.

ಇನ್ನು ಆಟಿ ತಿಂಗಳ ಕೆಸರುಗದ್ದೆ ಆಟ. ಅಲ್ಲಿ ಚುಚ್ಚಲು ಬೆರಳು ಯಾವುದು, ಕೆಸರು ಯಾವುದು ಎಂದು ಮೊದಲು ಹುಡುಕಬೇಕು. ಆ ವಿಷಯ ಬೇಡ.

ಮೊನ್ನೆ ಕಡಬದ ಹತ್ತಿರ ನಾವು ಹೇಗೋ ಎರಡನೇ ಬಹುಮಾನ ಹೊಡೆದೆವು. ನಗದಿನ ಜೊತೆ ಹಣ್ಣಾದ ಕದಳಿ ಗೊನೆ. ನಡುರಾತ್ರಿ ಕಳೆದಿತ್ತು. ಹುಡುಗರು ಅಲ್ಲೇ ಕೂತು ಲೆಕ್ಕ ಹಾಕಿ, “ನಿನಗೆ ಆಗ್ಲಿಕ್ಕಿಲ್ಲ ಅಲ್ವಾ” ಎಂದು ನನ್ನ ಪಾಲನ್ನೂ ಪ್ರೀತಿಯಿಂದಲೇ ಹಂಚಿಕೊಂಡರು. ನನ್ನ ಕೈಯಲ್ಲಿದ್ದ ಮೀಟರ್ 62 ತೋರಿಸುತ್ತಿತ್ತು.