ನಡೆಯುವವರ ಪಟ್ಟಿ

ಹಾಂಗ್‌ಕಾಂಗಿನಲ್ಲಿದ್ದ ಬ್ರಿಟಿಷ್ ಸೇನೆಯ ಗೂರ್ಖಾ ಸಿಪಾಯಿಗಳು 1981ರಲ್ಲಿ ಒಂದು ಕಸರತ್ತು ಶುರುಮಾಡಿದರು. ನಾಲ್ವರ ತಂಡ, ಗುಡ್ಡದ ಹಾದಿ, ನೂರು ಕಿಲೋಮೀಟರು. ಅದರ ನೆಪದಲ್ಲಿ ದಾನಧರ್ಮಕ್ಕೆ ರೊಕ್ಕವನ್ನೂ ಕೂಡಿಸಿದರು. ಅವರ ಪಾಡಿಗೆ ಅವರು ನಡೆದುಕೊಂಡಿದ್ದರೆ ನನಗೇನೂ ತಕರಾರಿರಲಿಲ್ಲ. ಆದರೆ 1986ರಲ್ಲಿ ಅದನ್ನು ಸಾಮಾನ್ಯರಿಗೂ ತೆರೆದರು. ಮುಂದೆ ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆ ಅದನ್ನು ‘ಟ್ರೇಲ್‌ವಾಕರ್’ ಎಂದು ದೇಶದಿಂದ ದೇಶಕ್ಕೆ ದಾಟಿಸಿತು. 2012ರಲ್ಲಿ ಅದು ಬೆಂಗಳೂರಿಗೆ ಬಂತು, ಅಲ್ಲಿಂದ ನನ್ನ ತಂಗಿಯ ಮಗನ ತಲೆಗೆ ಬಂತು, ಕೊನೆಗೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಸುಮ್ಮನೆ ಕೂತಿದ್ದ ನನ್ನ ಕಾಲಿಗೆ ಬಂತು. 48 ತಾಸಿನೊಳಗೆ ನೂರು ಕಿಲೋಮೀಟರು ಮುಗಿಸಬೇಕು; ಅವನ ತಂಡಕ್ಕೆ ನಾಲ್ಕನೆಯವ ಸಿಕ್ಕಿರಲಿಲ್ಲ. “ಮಾಮಾ, ಹೆಂಗಿದ್ರೂ ನೀ ರಿಟೈರ್ ಆಗೀದಿ” ಎಂಬುದೇ ನನ್ನ ಅರ್ಹತೆ. ನಮ್ಮೂರ ಕಡೆ ನಾಲ್ಕು ಮಂದಿ ಇರಲೇಬೇಕು ಅನ್ನುವ ನಡಿಗೆ ಒಂದೇ ಒಂದು. ಅದರಲ್ಲಿ ಐದನೆಯವ ನಡೆಯುವುದಿಲ್ಲ, ಮಲಗಿರುತ್ತಾನೆ.

ತಾಲೀಮು ಊರಲ್ಲೇ ಆಗಲಿ ಎಂದು ತೀರ್ಮಾನವಾಯಿತು. ಆ ಗೂರ್ಖಾ ಪಡೆಗೆ ಸೇರಬಯಸುವ ನೇಪಾಳದ ಹುಡುಗರು 25 ಕಿಲೋ ಮರಳಿನ ಬುಟ್ಟಿಯನ್ನು ಬೆನ್ನಿಗೆ ಹಾಕಿ, ಪಟ್ಟಿಯನ್ನು ಹಣೆಗೆ ಕೊಟ್ಟು ಐದು ಕಿಲೋಮೀಟರು ಗುಡ್ಡ ಏರುತ್ತಾರಂತೆ. ಅಳಿಯ ಅದರ ವಿಡಿಯೋ ತೋರಿಸಿ ನನಗೂ ಚೀಲ ಕಟ್ಟು ಅಂದ. ನನ್ನ ಹೆಂಡತಿಗೆ ಇದು ಕೂಡಲೇ ಅರ್ಥವಾಯಿತು. “ಉಸುಕು ಯಾಕ? ಜೋಳಾ ಹಾಕ್ತೀನಿ, ಗಿರಣಿ ಕಡೆ ಹಾದು ಬರ್ರಿ” ಅಂದಳು. ಹೋಗುವಾಗ ಜೋಳ, ಬರುವಾಗ ಹಿಟ್ಟು. ಸೈನಿಕ ಶಿಸ್ತಿನ ತರಬೇತಿಯಿಂದ ಸಂಸಾರಕ್ಕೆ ಇಷ್ಟು ಉಪಯೋಗ ಜಗತ್ತಿನಲ್ಲಿ ಬೇರೆಲ್ಲೂ ಆಗಿರಲಿಕ್ಕಿಲ್ಲ.

ನಸುಕಿನಲ್ಲಿ ಹೆದ್ದಾರಿ ಬದಿಯ ರಸ್ತೆಗಿಳಿದರೆ ಮಿಲಿಟರಿ ಭರ್ತಿಗೆ ತಯಾರಿ ನಡೆಸುವ ಹುಡುಗರು ಎದುರಾಗುತ್ತಾರೆ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಅವರಿಗೆ ಪೂರ್ತಿ 60 ಅಂಕ. ಅವರು ನನ್ನನ್ನು ದಾಟಿ ಹೋಗಿ, ತಿರುಗಿ ಬಂದು, ಮತ್ತೆ ದಾಟಿ ಹೋಗುವಷ್ಟರಲ್ಲಿ ನಾನು ಉತ್ಸವ ರಾಕ್ ಗಾರ್ಡನ್ನಿನ ಗೇಟು ಮುಟ್ಟಿರುತ್ತಿದ್ದೆ. ಒಳಗೆ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಸಿಮೆಂಟಿನ ಊರಿದೆ. ಅಲ್ಲಿಯ ಹಳ್ಳಿಗರು ಮಾತ್ರ ನನಗಿಂತ ನಿಧಾನ. ಅತ್ತ ಜಾನಪದ ವಿಶ್ವವಿದ್ಯಾಲಯ. 2011ರಲ್ಲಿ ಹುಟ್ಟಿದ ಅದಕ್ಕೆ ನನ್ನ ನಡಿಗೆ ಸಂಶೋಧನೆಯ ವಿಷಯವಾದೀತೇನೋ ಎಂಬ ಭಯ ನನಗಿತ್ತು.

ಚೀಲದ ಭಾರ, ಬಿಸಿಲು, ಬೊಬ್ಬೆ ಎಲ್ಲ ತಡೆಯಬಹುದು. ತಡೆಯಲಾಗದ್ದು ನಮ್ಮ ಜನರ ಒಳ್ಳೆಯತನ. ಪ್ರತಿ ಬೈಕೂ ನಿಲ್ಲುತ್ತದೆ. “ಎಲ್ಲಿಗೆ ಹೊಂಟೀರಿ? ಹತ್ರಿ.” ಎಲ್ಲಿಗೂ ಇಲ್ಲ ಅಂದರೆ ಮನೆಯಲ್ಲಿ ಜಗಳವೇ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಟ್ರ್ಯಾಕ್ಟರಿನವನೊಬ್ಬ ಚೀಲವನ್ನಾದರೂ ಕೊಡಿ, ಗಿರಣಿಗೆ ಮುಟ್ಟಿಸುತ್ತೇನೆ ಎಂದು ಕಸಿದುಕೊಂಡೇ ಹೋದ. ಗೂರ್ಖಾಗಳ ಕೈಪಿಡಿಯಲ್ಲಿ ಇಂಥ ಶತ್ರುವಿನ ಪ್ರಸ್ತಾಪ ಇರಲಾರದು.

ಇನ್ನು ರೊಕ್ಕ. ನಮ್ಮಲ್ಲಿ ಜಾತ್ರೆಗೆ, ಗುಡಿಗೆ, ನಾಟಕಕ್ಕೆ ಪಟ್ಟಿ ಎತ್ತುವುದು ಹೊಸದಲ್ಲ. ಆದರೆ ನಡೆಯುವುದಕ್ಕೆ ಪಟ್ಟಿ ಎಂದೊಡನೆ ಕಟ್ಟೆಯ ಮೇಲಿನ ಹಿರಿಯರು ಎದ್ದು ಕೂತರು. ಯುಗಾದಿ ಮುಂದೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವ ಸೀಮೆ ಇದು. ಅಲ್ಲಿ ನೂರು ಕಿಲೋಮೀಟರು ಮುಗಿದಾಗ ಹಾದಿ ಇನ್ನೂ ಶುರುವಾದಂತೆ. “ನಮ್ಮ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಾಗ ಗಾಂಧಿ ಕೂಡ ದಂಡಿಗೆ ನಡದಾಂವ. ಅವ ಏನ್ ಕಿಲೋಮೀಟರಿಗೆ ಇಷ್ಟು ಅಂತ ಇಸಗೊಂಡಿದ್ನೇನು?” ಎಂದರು ಒಬ್ಬರು. 24 ದಿನ, 385 ಕಿಲೋಮೀಟರು. ಗಾಂಧಿಗಾಗ ಅರವತ್ತು ದಾಟಿತ್ತು. ವಯಸ್ಸಿನ ನೆಪ ಹೇಳುವ ದಾರಿಯೂ ನನಗೆ ಅಲ್ಲಿಗೆ ಮುಚ್ಚಿತು. ದಂಡಿಗೆ ಹೋದವರಿಗೆ ಕೊನೆಗೆ ಉಪ್ಪು ಸಿಕ್ಕಿತು, ನಿಮಗೇನು ಸಿಗುತ್ತದೆ ಎಂಬ ಪ್ರಶ್ನೆಯೂ ಬಂತು. ಬಡಮಕ್ಕಳ ಶಾಲೆಗೆ ಎಂದು ಅಳಿಯ ವಿವರಿಸಿದ. ಹಿರಿಯರು ಕಿಸೆಗೆ ಕೈಹಾಕಿ ಐನೂರರ ನೋಟು ತೆಗೆದರು. “ಹುಡುಗರು ಓದ್ಲಿ, ತಗೋ. ಆದ್ರ ಇವನ್ನ ಮನೀಗೆ ಕಳಸು. ರೊಕ್ಕಾ ಬೇಕಾಗಿದ್ರ ಬಾಯಿ ಬಿಟ್ಟು ಕೇಳಬೇಕು, ಕಾಲ್ಯಾಕ ಮುರಕೋಬೇಕು?”

ಜಗತ್ತಿನ ಸಹಾಯಾರ್ಥ ಓಟ-ನಡಿಗೆಗಳ ಬುಡವನ್ನೇ ಅಲ್ಲಾಡಿಸುವ ಪ್ರಶ್ನೆ ಇದು. ಅಳಿಯನ ಬಳಿ ಉತ್ತರವಿರಲಿಲ್ಲ. ನನ್ನ ಬಳಿ ಇದೆ. ಸುಮ್ಮನೆ ಕೇಳುವವನಿಗೆ ಜನ ಹತ್ತು ರೂಪಾಯಿ ಕೊಡುತ್ತಾರೆ. ಕುಂಟುತ್ತ ಕೇಳುವವನಿಗೆ ಐನೂರು. ನಮ್ಮೂರಲ್ಲಂತೂ ನಾನು ನಡೆಯುತ್ತೇನೆ ಎಂದು ಕೊಟ್ಟವರಿಗಿಂತ ಇನ್ನು ಸಾಕು ನಿಲ್ಲಿಸು ಎಂದು ಕೊಟ್ಟವರೇ ಹೆಚ್ಚು.

ಪಟ್ಟಿ ಪುಸ್ತಕದಲ್ಲಿ ಇನ್ನೂ ಹಾಳೆಗಳಿವೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಾದುಹೋಗುವಾಗ ಜೋಳದ ಚೀಲ ಹೊತ್ತ ಬೋಳುತಲೆಯವನೊಬ್ಬ ಕಂಡರೆ ದಯವಿಟ್ಟು ಗಾಡಿ ಹತ್ತು ಎನ್ನಬೇಡಿ. ನಿಮ್ಮ ಹೆಸರು, ಊರು, ಮೊತ್ತ ಹೇಳಿ ಮುಂದೆ ಹೋಗಿ, ರಸೀದಿ ಕೊಡುತ್ತೇನೆ.